ಷಟರ್‌ಗೆ ಎರಡು ಬೀಗ, ಕಂಪ್ಯೂಟರ್‌ಗೆ ಒಂದೂ ಇಲ್ಲ!

ಪೀಣ್ಯದ ಯಾವುದೇ ಅಡ್ಡರಸ್ತೆಗೆ ರಾತ್ರಿ ಒಂಬತ್ತರ ಮೇಲೆ ಹೋಗಿ ನೋಡಿ. ಶೆಡ್ಡುಗಳ ರೋಲಿಂಗ್ ಷಟರ್ ಎಳೆದು ಎಡಕ್ಕೊಂದು ಬಲಕ್ಕೊಂದು ಬೀಗ ಜಡಿದಿರುತ್ತಾರೆ. ಬೀಗವನ್ನು ಎರಡೆರಡು ಸಲ ಜಗ್ಗಿ ನೋಡಿ ಖಾತ್ರಿಯಾದ ಮೇಲೇ ಯಜಮಾನರು ಮನೆ ಕಡೆ ಹೊರಡುವುದು. ಕೆಲವರು ವಾಚ್‌ಮನ್ ಇಟ್ಟಿದ್ದಾರೆ, ಕೆಲವರು ಕ್ಯಾಮೆರಾ ಹಾಕಿಸಿದ್ದಾರೆ. ಒಳಗಿರುವ ಲೇತು, ಮಿಲ್ಲಿಂಗ್ ಮೆಷಿನ್ನು, ಹಿತ್ತಾಳೆ ತುಂಡು ಎಲ್ಲಕ್ಕೂ ಬಂದೋಬಸ್ತು ಇದೆ. ಆದರೆ ಮೂಲೆಯ ಕ್ಯಾಬಿನ್ನಿನಲ್ಲಿರುವ ಕಂಪ್ಯೂಟರಿಗೆ? ಅದರ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೇ ಅಂಟಿಸಿರುವ ಕಚೇರಿಗಳು ಒಂದೆರಡಲ್ಲ!

ಲೇತು ಹೊತ್ತೊಯ್ಯಬೇಕಾದರೆ ಕಳ್ಳನಿಗೆ ಲಾರಿ ಬೇಕು, ನಾಲ್ಕಾಳು ಬೇಕು. ಲೆಕ್ಕಪತ್ರ, ಗಿರಾಕಿಗಳ ಆರ್ಡರು, ಡ್ರಾಯಿಂಗು, ಬ್ಯಾಂಕಿನಲ್ಲಿರುವ ದುಡ್ಡು ಇವನ್ನು ಲಪಟಾಯಿಸಲು ಅದೇನೂ ಬೇಡ. ಆತ ನಮ್ಮ ಊರಿಗೇ ಬರಬೇಕಾಗಿಲ್ಲ. ಎಲ್ಲೋ ಕೂತು ಒಂದು ಮೆಸೇಜು ಬಿಟ್ಟರೆ ಸಾಕು. ಬಾಗಿಲು ತೆಗೆದುಕೊಡುವವರು ನಾವೇ.

ಚಿಕ್ಕವರನ್ನ ಯಾರು ಕೇಳ್ತಾರೆ?

ಈ ಮಾತೆತ್ತಿದರೆ ನಮ್ಮ ಸಣ್ಣ ಉದ್ದಿಮೆದಾರರೂ ಅಂಗಡಿ ಯಜಮಾನರೂ ಹೇಳುವುದು ಒಂದೇ: "ಅಯ್ಯೋ ಬಿಡಿ ಸಾರ್, ನಾವೇನು ಎಲೆಕ್ಟ್ರಾನಿಕ್ ಸಿಟಿಯ ದೊಡ್ಡ ಕಂಪನಿಯೇ? ನಮ್ಮಂಥ ಚಿಕ್ಕವರನ್ನ ಯಾರು ಕೇಳ್ತಾರೆ?"

ಈ ಭ್ರಮೆ ಮೊದಲು ಹೋಗಬೇಕು. ಬಸ್ಸಿನಲ್ಲಿ ಜೇಬುಗಳ್ಳ ಶ್ರೀಮಂತನನ್ನೇ ಹುಡುಕಿಕೊಂಡು ಹೋಗುತ್ತಾನೆಯೇ? ನೂಕುನುಗ್ಗಲಲ್ಲಿ ಯಾರ ಜೇಬು ಸಡಿಲವೋ ಅಲ್ಲಿಗೆ ಕೈ ಹೋಗುತ್ತದೆ. ಇಲ್ಲೂ ಅದೇ ಕತೆ. 2017ರ ಮೇ 12ರಂದು ವಾನಾಕ್ರೈ ಎಂಬ ಪಿಡುಗು ಸುಮಾರು 150 ದೇಶಗಳ ಕಂಪ್ಯೂಟರುಗಳಿಗೆ ಹಬ್ಬಿತು. ಒಳಗಿದ್ದ ಕಡತಗಳಿಗೆಲ್ಲ ಬೀಗ ಹಾಕಿ, ಬೀಗದ ಕೈ ಬೇಕಾದರೆ ದುಡ್ಡು ಕೊಡಿ ಎಂದು ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಅದು ಯಾರನ್ನೂ ಹೆಸರು ಹಿಡಿದು ಹುಡುಕಿಕೊಂಡು ಬಂದದ್ದಲ್ಲ. ಯಾವ ಕಂಪ್ಯೂಟರಿನಲ್ಲಿ ಹಳೆ ತೂತು ಮುಚ್ಚಿರಲಿಲ್ಲವೋ ಅದರೊಳಗೆ ನುಗ್ಗಿತು, ಅಷ್ಟೇ. ಆ ತೂತು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಕಂಪನಿ ಎರಡು ತಿಂಗಳ ಮುಂಚೆ, ಮಾರ್ಚ್‌ನಲ್ಲೇ ಪುಕ್ಕಟೆಯಾಗಿ ಕೊಟ್ಟಿತ್ತು. ಹಾಕಿಕೊಂಡವರು ಉಳಿದರು, ನಾಳೆ ನೋಡೋಣ ಎಂದವರು ಸಿಕ್ಕಿಬಿದ್ದರು.

ನಮ್ಮ ದೇಶದಲ್ಲಿ 2024ನೇ ಇಸವಿಯೊಂದರಲ್ಲೇ ಸೈಬರ್ ವಂಚಕರ ಪಾಲಾದ ಹಣ 22,845 ಕೋಟಿ ರೂಪಾಯಿ ಎಂದು ಕೇಂದ್ರ ಗೃಹ ಇಲಾಖೆ ಲೋಕಸಭೆಗೇ ತಿಳಿಸಿದೆ. ಅದರ ಹಿಂದಿನ ವರ್ಷ ಇದು 7,465 ಕೋಟಿ ಇತ್ತು. ಒಂದೇ ವರ್ಷದಲ್ಲಿ ಮೂರು ಪಟ್ಟು! ಇಷ್ಟೂ ದುಡ್ಡು ದೊಡ್ಡವರದ್ದೇ ಎಂದು ನಂಬುವವರು ಯಾರು?

ವಿಧಾನಸೌಧಕ್ಕೂ ಬಿಡಲಿಲ್ಲ

ದೂರದ ಮಾತು ಬಿಡೋಣ. 2019ರಲ್ಲಿ ನಮ್ಮ ರಾಜ್ಯ ಸರ್ಕಾರದ ಟೆಂಡರು ನಡೆಸುವ ಇ-ಪ್ರೊಕ್ಯೂರ್‌ಮೆಂಟ್ ವ್ಯವಸ್ಥೆಗೇ ಕನ್ನ ಬಿತ್ತು. ಗುತ್ತಿಗೆದಾರರು ಕಟ್ಟಿದ್ದ ಠೇವಣಿ ಹಣದಲ್ಲಿ 11.5 ಕೋಟಿ ರೂಪಾಯಿ ಬೇರೆ ಖಾತೆಗಳಿಗೆ ಹರಿದುಹೋಯಿತು. ಸಿಐಡಿ ತನಿಖೆಯೂ ಆಯಿತು. ಸರ್ಕಾರದ ಗತಿಯೇ ಹೀಗಾದರೆ ಇಬ್ಬರು ಗುಮಾಸ್ತರ ಶೆಡ್ಡಿನ ಪಾಡೇನು?

2024ರ ಜುಲೈ ಕೊನೆಯಲ್ಲಿ ಇನ್ನೊಂದು ಪ್ರಸಂಗ. ಸಣ್ಣ ಬ್ಯಾಂಕುಗಳಿಗೆ ಕಂಪ್ಯೂಟರ್ ವ್ಯವಸ್ಥೆ ಒದಗಿಸುವ ಸಿ-ಎಡ್ಜ್ ಎಂಬ ಕಂಪನಿಯ ಮೇಲೆ ಇಂಥದೇ ಬೀಗ ಹಾಕುವ ದಾಳಿ ನಡೆಯಿತು. ರೋಗ ಹರಡದಿರಲಿ ಎಂದು ರಾಷ್ಟ್ರೀಯ ಪಾವತಿ ನಿಗಮ ಆ ಕಂಪನಿಯ ಸಂಪರ್ಕವನ್ನೇ ತಾತ್ಕಾಲಿಕವಾಗಿ ಕಡಿದುಹಾಕಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗಿರಾಕಿಗಳಿಗೆ ಪಾವತಿ ಸೇವೆ ನಿಂತಿತು. ತಪ್ಪು ಗಿರಾಕಿಯದಲ್ಲ, ಅವನ ಬ್ಯಾಂಕಿನದೂ ಅಲ್ಲ. ಆದರೂ ತೊಂದರೆ ಅವನಿಗೇ. ನಮ್ಮ ವ್ಯಾಪಾರ ಇವತ್ತು ನಾವು ಕಾಣದ ಎಷ್ಟೋ ಕಂಬಗಳ ಮೇಲೆ ನಿಂತಿದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೇ?

ಹಳೇ ಪುಸ್ತಕಕ್ಕೇ ಹೋಗೋಣವೇ?

"ಹಾಗಾದ್ರೆ ಕಂಪ್ಯೂಟರ್ ಸಹವಾಸವೇ ಬೇಡ, ಕೆಂಪು ರಟ್ಟಿನ ಲೆಕ್ಕದ ಪುಸ್ತಕವೇ ವಾಸಿ" ಎನ್ನುವವರಿದ್ದಾರೆ. 2025ರ ಜುಲೈನಲ್ಲಿ ಯುಪಿಐ ಜಮೆಯ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವರ್ತಕರಿಗೆ ನೋಟೀಸು ಕಳಿಸಿದಾಗ ಹಲವು ಅಂಗಡಿಗಳು ಕ್ಯೂಆರ್ ಚೀಟಿ ಕಿತ್ತು "ನಗದು ಮಾತ್ರ" ಎಂದು ಬೋರ್ಡು ಹಾಕಿದ್ದನ್ನು ಊರೇ ನೋಡಿದೆ. ಆ ಸಿಟ್ಟು ಅರ್ಥವಾಗುವಂಥದೇ.

ಆದರೆ ಹಿಂದಕ್ಕೆ ಹೋಗುವ ದಾರಿ ಮುಚ್ಚಿಹೋಗಿದೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ರಿಟರ್ನ್ ಸಲ್ಲಿಸುವುದು ಕಂಪ್ಯೂಟರಿನಲ್ಲೇ. ಸರಕು ಸಾಗಿಸಬೇಕಾದರೆ ಇ-ವೇ ಬಿಲ್ಲು. ವಹಿವಾಟು 5 ಕೋಟಿ ದಾಟಿದವರು 2023ರ ಆಗಸ್ಟ್‌ನಿಂದ ಬೇರೆ ವರ್ತಕರಿಗೆ ಮಾರಿದ ಮಾಲಿಗೆ ಇ-ಇನ್‌ವಾಯ್ಸ್ ಮಾಡಲೇಬೇಕು. ಲೆಕ್ಕಪತ್ರವನ್ನು ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಕಾಪಾಡಿಡಬೇಕೆಂದು ಕಾನೂನು ಹೇಳುತ್ತದೆ. ಕಂಪ್ಯೂಟರ್ ಕೆಟ್ಟಿತು, ಲೆಕ್ಕ ಹೋಯಿತು ಎಂದರೆ ಅಧಿಕಾರಿಗಳು ಅಯ್ಯೋ ಪಾಪ ಎನ್ನುವುದಿಲ್ಲ.

ಹೀಗಿರುವಾಗ ಮಾಡಬೇಕಾದ್ದೇನು? ದೊಡ್ಡ ದೊಡ್ಡ ಸಾಫ್ಟ್‌ವೇರು ಕೊಳ್ಳಿರೆಂದು ನಾವು ಹೇಳುವುದಿಲ್ಲ. ಸಣ್ಣ ಉದ್ದಿಮೆಗೆ ಮೊದಲು ಬೇಕಾದದ್ದು ಎರಡೇ ಸಂಗತಿ. ಒಂದು, ಲೆಕ್ಕಕ್ಕೆ ಎರಡನೇ ಪ್ರತಿ. ಇನ್ನೊಂದು, ದುಡ್ಡು ಕಳಿಸುವ ಮುಂಚೆ ಎರಡನೇ ಮಾತು.

ಎರಡನೇ ಪ್ರತಿ

1986ರಲ್ಲಿ ಶುರುವಾದ ನಮ್ಮ ಬೆಂಗಳೂರಿನದೇ ಟ್ಯಾಲಿ ಇವತ್ತು ಅಂಗಡಿ ಅಂಗಡಿಯಲ್ಲೂ ಇದೆ. ಟ್ಯಾಲಿಯೋ ಇನ್ನೊಂದೋ, ಅದರ ಕಡತಗಳು ಬಹುಪಾಲು ಕಡೆ ಇರುವುದು ಒಂದೇ ಕಂಪ್ಯೂಟರಿನಲ್ಲಿ. ಹಾರ್ಡ್‌ಡಿಸ್ಕ್ ಸುಟ್ಟರೆ ಎಲ್ಲ ಮುಗಿಯಿತು. "ಬ್ಯಾಕಪ್ ಇದೆ ಸಾರ್" ಎಂದು ಅಕೌಂಟೆಂಟ್ ಹೇಳುತ್ತಾನೆ. ಎಲ್ಲಿದೆ ಎಂದರೆ ಅದೇ ಕಂಪ್ಯೂಟರಿನ ಡಿ ಡ್ರೈವಿನಲ್ಲಿ! ಮನೆಯ ಬೀಗದ ಕೈಯ ಜೋಡಿಯನ್ನು ಮನೆಯೊಳಗೇ ಇಟ್ಟು ಬಾಗಿಲೆಳೆದುಕೊಂಡ ಹಾಗೆ.

ಹೊರಗೆ ಸಿಕ್ಕಿಸುವ ಎರಡು ಹಾರ್ಡ್‌ಡಿಸ್ಕ್ ಕೊಳ್ಳಿ. ಕೆಲವು ಸಾವಿರದ ಬಾಬ್ತು, ಅಷ್ಟೇ. ಸಂಜೆ ಲೆಕ್ಕ ಮುಗಿಸಿ ಪ್ರತಿ ತೆಗೆದ ಮೇಲೆ ಡಿಸ್ಕನ್ನು ಕಿತ್ತಿಡಿ. ಸದಾ ಸಿಕ್ಕಿಸಿಯೇ ಇಟ್ಟರೆ ಬೀಗ ಹಾಕುವ ವೈರಸ್ಸು ಅದಕ್ಕೂ ಬೀಗ ಹಾಕುತ್ತದೆ. ಒಂದು ಡಿಸ್ಕ್ ಕಚೇರಿಯಲ್ಲಿರಲಿ, ಇನ್ನೊಂದು ಯಜಮಾನರ ಮನೆಯಲ್ಲಿರಲಿ, ವಾರಕ್ಕೊಮ್ಮೆ ಅದಲುಬದಲಾಗಲಿ. ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ ತೆರೆಯುತ್ತದೆಯೇ ನೋಡಿ. ತೆರೆದು ನೋಡದ ಬ್ಯಾಕಪ್ಪು ಇದ್ದೂ ಇಲ್ಲದ ಹಾಗೆ. ಗಿರಾಕಿಯ ಡ್ರಾಯಿಂಗು, ಮೆಷಿನ್ನಿನ ಪ್ರೋಗ್ರಾಮು ಇವಕ್ಕೂ ಇದೇ ಕ್ರಮ. ಜಾಬ್‌ವರ್ಕ್ ಮಾಡುವ ಶೆಡ್ಡಿಗೆ ಡ್ರಾಯಿಂಗೇ ಬಂಡವಾಳ.

ಎರಡನೇ ಮಾತು

ಪೀಣ್ಯದ ಕೈಗಾರಿಕೆಗಳಿಗೆ ಹೆಚ್ಚು ಹೊಡೆತ ಕೊಡಬಲ್ಲ ಮೋಸ ಯಾವುದೆಂದು ಕೇಳಿದರೆ, ಅದು ಒಂದು ಸಾಧು ಈ-ಮೇಲು. ನೀವು ಹತ್ತು ವರ್ಷದಿಂದ ಕಬ್ಬಿಣ ಕೊಳ್ಳುವ ಸರಬರಾಜುದಾರರ ಹೆಸರಿನಲ್ಲೇ ಬರುತ್ತದೆ. ಇನ್‌ವಾಯ್ಸ್ ನಂಬರು ಸರಿ, ಮೊತ್ತ ಸರಿ. ಕೊನೆಗೊಂದು ಸಾಲು: ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಹಣವನ್ನು ಈ ಖಾತೆಗೆ ಕಳಿಸಿ. ವಿಳಾಸವನ್ನು ಕಣ್ಣಿಟ್ಟು ನೋಡಿದರೆ ಇಂಗ್ಲಿಷಿನ ಎಮ್ ಅಕ್ಷರದ ಜಾಗದಲ್ಲಿ ಆರ್ ಮತ್ತು ಎನ್ ಎರಡನ್ನು ಒತ್ತಾಗಿ ಕೂರಿಸಿರುತ್ತಾರೆ. ಅವಸರದಲ್ಲಿ ಯಾರ ಕಣ್ಣಿಗೆ ಬೀಳುತ್ತದೆ? ಎಷ್ಟೋ ಸಲ ವಿಳಾಸವೂ ಅಸಲಿಯೇ ಇರುತ್ತದೆ. ಸರಬರಾಜುದಾರರ ಮೇಲ್ ಪೆಟ್ಟಿಗೆಯೊಳಗೇ ಕಳ್ಳ ಕೂತಿರುತ್ತಾನೆ.

ಇದಕ್ಕೆ ಮದ್ದು ಪುಕ್ಕಟೆ. ಖಾತೆ ಬದಲಾಯಿತೆಂಬ ಸುದ್ದಿ ಬಂದ ತಕ್ಷಣ, ನಿಮ್ಮ ಹಳೇ ಡೈರಿಯಲ್ಲಿರುವ ನಂಬರಿಗೆ ಫೋನ್ ಮಾಡಿ. ಆ ಮೇಲಿನಲ್ಲಿ ಕೊಟ್ಟ ನಂಬರಿಗಲ್ಲ! "ಏನ್ ಸ್ವಾಮಿ, ಅಕೌಂಟ್ ಬದಲಾಯಿಸಿದ್ರಾ?" ಎಂದು ಬಾಯಿಬಿಟ್ಟು ಕೇಳಿ. ಪರಿಚಯದ ದನಿ ಹೌದೆಂದರೆ ಮಾತ್ರ ದುಡ್ಡು ಹೊರಡಲಿ. ಹಣ ಕಳಿಸುವ ಮುನ್ನ ಆ ಖಾತೆ ಯಾರ ಹೆಸರಿನಲ್ಲಿದೆ ಎಂದು ತೋರಿಸುವ ವ್ಯವಸ್ಥೆಯನ್ನು ಆರ್‌ಟಿಜಿಎಸ್, ನೆಫ್ಟ್‌ಗಳಲ್ಲಿ 2025ರ ಏಪ್ರಿಲ್ 1ರೊಳಗೆ ತರಬೇಕೆಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಹೇಳಿತ್ತು. ಅದನ್ನು ಬಳಸಿ. ಹೆಸರು ತಾಳೆಯಾಗದಿದ್ದರೆ ಅಲ್ಲೇ ನಿಲ್ಲಿ.

ಅಂಗಡಿಯವರಿಗೂ ಇದೇ ನೀತಿ. "ಕಳ್ಸಿದೀನಿ ನೋಡಿ" ಎಂದು ಗಿರಾಕಿ ಮೊಬೈಲಿನ ಚಿತ್ರ ತೋರಿಸಿದರೆ ಸಾಲದು. ನಿಮ್ಮ ಪೆಟ್ಟಿಗೆ ಕೂಗಬೇಕು, ಇಲ್ಲವೇ ನಿಮ್ಮ ಖಾತೆಯಲ್ಲಿ ಜಮೆ ಕಾಣಬೇಕು. ಬೆಳಿಗ್ಗೆ ಅಂಗಡಿ ತೆಗೆದಾಗ ಕ್ಯೂಆರ್ ಚೀಟಿಯ ಮೇಲೆ ಯಾರಾದರೂ ಬೇರೆ ಚೀಟಿ ಅಂಟಿಸಿದ್ದಾರೆಯೇ ಎಂದು ಬೆರಳಾಡಿಸಿ ನೋಡಿ. ದುಡ್ಡು ಪಡೆಯಲು ಪಿನ್ ಒತ್ತಬೇಕಾಗಿಲ್ಲ ಎಂಬುದನ್ನು ಗಲ್ಲಾದ ಹುಡುಗನಿಗೂ ಹೇಳಿಕೊಡಿ.

ಕೀಲಿ ಯಾರ ಜೇಬಲ್ಲಿ?

ಸಂಕೋಚ ಬಿಟ್ಟು ಕೇಳಬೇಕಾದ ಪ್ರಶ್ನೆ ಇದು. ನಿಮ್ಮ ಜಿಎಸ್‌ಟಿ ಖಾತೆಯ ಒಟಿಪಿ ಯಾರ ಮೊಬೈಲಿಗೆ ಬರುತ್ತದೆ? ನೋಂದಣಿ ಮಾಡಿಸುವಾಗ ಅವಸರಕ್ಕೆ ತೆರಿಗೆ ಸಲಹೆಗಾರರ ನಂಬರು ಕೊಟ್ಟು ಹಾಗೇ ಬಿಟ್ಟವರು ಕಡಿಮೆಯೇನಲ್ಲ. ಡಿಜಿಟಲ್ ಸಹಿಯ ಪೆನ್‌ಡ್ರೈವು ಯಾರ ಡ್ರಾಯರಿನಲ್ಲಿದೆ? ಸಹಿ ಮಾಡಿದ ಖಾಲಿ ಚೆಕ್‌ಬುಕ್ಕನ್ನು ಯಾರಾದರೂ ಪರರ ಕೈಗೆ ಕೊಟ್ಟಿಟ್ಟಿರುತ್ತಾರೆಯೇ? ಸಲಹೆಗಾರರು ಸಜ್ಜನರೇ ಇರಬಹುದು. ಆದರೆ ಅವರ ಕಂಪ್ಯೂಟರಿಗೆ ಕನ್ನ ಬಿದ್ದರೆ ಹೋಗುವುದು ನಿಮ್ಮದು. ಇ-ವೇ ಬಿಲ್, ಇ-ಇನ್‌ವಾಯ್ಸ್‌ಗೆ ಪಾಸ್‌ವರ್ಡಿನ ಜತೆ ಒಟಿಪಿಯೂ ಬೇಕೆಂಬ ನಿಯಮ 2025ರ ಏಪ್ರಿಲ್‌ನಿಂದ ಎಲ್ಲರಿಗೂ ಅನ್ವಯವಾಗಿದೆ. ಆ ನಂಬರು ನಿಮ್ಮದಾಗಿದ್ದರೆ ತಾನೇ ಅದಕ್ಕೆ ಅರ್ಥ?

ಕೆಲಸ ಬಿಟ್ಟು ಹೋದ ಅಕೌಂಟೆಂಟಿನ ಪಾಸ್‌ವರ್ಡು ಅದೇ ದಿನ ಬದಲಾಗಬೇಕು. ಶೆಡ್ಡಿನ ಕೀ ವಾಪಸು ಇಸಿದುಕೊಳ್ಳುವುದಿಲ್ಲವೇ, ಹಾಗೆ. ರಿಪೇರಿಗೆಂದು ದೂರದಿಂದಲೇ ಕಂಪ್ಯೂಟರ್ ನಡೆಸುವ ಆ್ಯಪ್ ಹಾಕಿಸಿದ್ದರೆ, ಕೆಲಸ ಮುಗಿದ ಕೂಡಲೇ ಮುಚ್ಚಿಸಿ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರು ಅಗ್ಗವೆಂದು ಹಾಕಿಸಬೇಡಿ. ಅದರ ಹೊಟ್ಟೆಯಲ್ಲಿ ಏನು ಬಂದಿದೆಯೋ ಬಲ್ಲವರಾರು? ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲು ತೇಪೆ 2025ರ ಅಕ್ಟೋಬರ್ 14ಕ್ಕೆ ನಿಂತುಹೋಗಿದೆ. ವಾನಾಕ್ರೈ ಕತೆ ನೆನಪಿದ್ದವರು ಲೆಕ್ಕದ ಕಂಪ್ಯೂಟರನ್ನು ಮೊದಲು ಹೊಸದಕ್ಕೆ ಬದಲಾಯಿಸಲಿ. ಸಿಎನ್‌ಸಿ ಮೆಷಿನ್ನಿಗೆ ಜೋಡಿಸಿದ ಹಳೇ ಕಂಪ್ಯೂಟರ್ ಬದಲಾಯಿಸಲಾಗದಿದ್ದರೆ ಅದಕ್ಕೆ ಇಂಟರ್‌ನೆಟ್ಟಿನ ನಂಟು ತಪ್ಪಿಸಿ.

ಕಳ್ಳನಿಲ್ಲದೆಯೂ ಕೆಲಸ ನಿಲ್ಲುತ್ತದೆ

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಒಂದು ಕೆಟ್ಟ ತೇಪೆಯಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರುಗಳು ಕುಸಿದುಬಿದ್ದವು. ಕಳ್ಳತನವಲ್ಲ, ಬರೀ ಎಡವಟ್ಟು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸು ಕೊಟ್ಟು ಪ್ರಯಾಣಿಕರನ್ನು ಹತ್ತಿಸಿದರು. ಪೆನ್ನು ಕಾಗದ ಇದ್ದದ್ದರಿಂದ ವಿಮಾನ ಹಾರಿತು! 2025ರ ಮಾರ್ಚ್ 26ರಂದು, ಮತ್ತೆ ಏಪ್ರಿಲ್ 12ರಂದು ದೇಶದಲ್ಲೆಲ್ಲ ಯುಪಿಐ ಕೈಕೊಟ್ಟಿತು. ಜೇಬಿನಲ್ಲಿ ಐವತ್ತು ರೂಪಾಯಿ ಇದ್ದವನು ಅವತ್ತು ರಾಜ.

ಆದ್ದರಿಂದ ಪ್ರತಿ ಅಂಗಡಿಯಲ್ಲೂ ಒಂದು ಅಚ್ಚಾದ ಬಿಲ್‌ಬುಕ್ಕು, ಕಾರ್ಬನ್ನು, ಸ್ವಲ್ಪ ಚಿಲ್ಲರೆ ಇರಲಿ. ಮುಖ್ಯ ಗಿರಾಕಿಗಳ, ಬ್ಯಾಂಕಿನ ಫೋನ್ ನಂಬರುಗಳು ಕಾಗದದ ಮೇಲೂ ಇರಲಿ. ಕರೆಂಟು ಹೋಗಿ ಬಂದು ಆಡುವ ಆಟ ಕೈಗಾರಿಕಾ ಪ್ರದೇಶದವರಿಗೆ ಹೊಸದಲ್ಲ, ಲೆಕ್ಕದ ಕಂಪ್ಯೂಟರಿಗೆ ಯುಪಿಎಸ್ ಇರಲೇಬೇಕು. ಅದನ್ನು ನೆಲದ ಮೇಲಿಡಬೇಡಿ. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಯಲ್ಲಿ ಮಹದೇವಪುರ, ಬೆಳ್ಳಂದೂರು, ವೈಟ್‌ಫೀಲ್ಡ್ ಕಡೆಯ ನೆಲಮಾಳಿಗೆಗಳು ಕೆರೆಯಾದದ್ದು ಮರೆಯಲಾದೀತೇ? ಒಂದು ಹಲಗೆ ಎತ್ತರಿಸಿ ಇಟ್ಟರೆ ಖರ್ಚೇನೂ ಇಲ್ಲ.

ಹೋದರೆ ಮೊದಲ ಗಂಟೆ ಮುಖ್ಯ

ಇಷ್ಟಾದರೂ ಮೋಸ ಹೋದರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುತ್ತದೆ. ಕೊನೆಯ ಖಾತೆಯಿಂದ ಆಚೆ ಹೋಗುವ ಮುಂಚೆ ತಡೆ ಹಾಕಿದರೆ ಮಾತ್ರ ಉಳಿಯುವುದು. ತಕ್ಷಣ 1930 ನಂಬರಿಗೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ, ಆಮೇಲೆ ಸೆನ್ ಠಾಣೆಗೆ ಹೋಗಿ. ವ್ಯವಹಾರದ ನಂಬರು, ಹೊತ್ತು, ಮೊತ್ತ ಬರೆದಿಟ್ಟುಕೊಳ್ಳಿ. ಕಂಪ್ಯೂಟರಿಗೆ ಬೀಗ ಬಿದ್ದಿದ್ದರೆ ಮೊದಲು ನೆಟ್ಟಿನ ವೈರು ಕೀಳಿ. ಗಾಬರಿಯಲ್ಲಿ ಎಲ್ಲ ಅಳಿಸಿ ಹೊಸದಾಗಿ ಹಾಕಿಸಿದರೆ ಸಾಕ್ಷ್ಯವೂ ಹೋಗುತ್ತದೆ. ಇಂಥ ಘಟನೆಗಳನ್ನು 6 ಗಂಟೆಯೊಳಗೆ ಕೇಂದ್ರದ ಸರ್ಟ್-ಇನ್ ಸಂಸ್ಥೆಗೆ ತಿಳಿಸಬೇಕೆಂದು 2022ರ ಏಪ್ರಿಲ್‌ನ ನಿರ್ದೇಶನವಿದೆ ಎಂಬುದು ಎಷ್ಟು ಶೆಡ್ಡುಗಳಿಗೆ ಗೊತ್ತು?

ಬಸ್ಸಿನಲ್ಲಿ ಹೋಗುವವರೇ

335ಇ ಬಸ್ಸಿನಲ್ಲಿ ನೇತಾಡಿಕೊಂಡು ವೈಟ್‌ಫೀಲ್ಡ್ ಕಡೆ ಹೋಗುವ ನೌಕರ ಬಂಧುಗಳು ಇದು ಯಜಮಾನರ ತಲೆನೋವೆಂದು ಪತ್ರಿಕೆ ಮಡಚಬಾರದು. ಅಂಗಡಿಯ ಮೊಬೈಲು, ಕಚೇರಿಯ ಮೇಲು ನಿಮ್ಮ ಕೈಯಲ್ಲೇ ಇರುವುದು. ರಾತ್ರಿ ಕರೆಂಟು ಕಟ್ ಮಾಡುತ್ತೇವೆಂದು ಬೆಸ್ಕಾಂ ಹೆಸರಿನಲ್ಲಿ ಬರುವ ಸುಳ್ಳು ಮೆಸೇಜು, ಟ್ರಾಫಿಕ್ ದಂಡದ ಹೆಸರಿನಲ್ಲಿ ಬರುವ ಆ್ಯಪ್ ಮೊದಲು ನಿಮ್ಮ ಕೈ ಸೇರುತ್ತವೆ. ಸೀಟು ಸಿಗದ ಸಿಟ್ಟಿನಲ್ಲಿ ಒತ್ತಿದ ಒಂದು ಬೆರಳಿಗೆ ಹತ್ತು ಮಂದಿಯ ಸಂಬಳ ಹೋದೀತು. ತಪ್ಪಿ ಒತ್ತಿದರೆ ತಕ್ಷಣ ಹೇಳಿಬಿಡಿ. ಹಾಗೆ ಹೇಳಿದವನನ್ನು ಬೈದು ಕಳಿಸುವ ಯಜಮಾನರಿಗೆ ಮುಂದಿನ ಸಲ ಯಾರೂ ಹೇಳುವುದಿಲ್ಲ, ಇದನ್ನು ಯಜಮಾನರೂ ನೆನಪಿಡಬೇಕು.

ಸಂಬಂಧಪಟ್ಟವರಿಗೆ ನಾಲ್ಕು ಮಾತು

ವರ್ತಕನೊಬ್ಬನ ತಲೆಗೇ ಇಷ್ಟೂ ಹೊರೆ ಕಟ್ಟುವುದು ನ್ಯಾಯವಲ್ಲ. ಕಂಪ್ಯೂಟರಿಗೆ ಬಾ ಎಂದು ಕರೆದದ್ದು ಸರ್ಕಾರ. ಕಾಪಾಡುವ ಕರ್ತವ್ಯವೂ ಅದರದೇ. 1978ರಲ್ಲಿ ಕಿಯೋನಿಕ್ಸ್ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಬುನಾದಿ ಹಾಕಿದಾಗ ಆರ್.ಕೆ. ಬಾಳಿಗರು ಕಂಡ ಕನಸು ಇವತ್ತು ಲೋಕಪ್ರಸಿದ್ಧ. ಆ ಗೇಟಿನೊಳಗೆ ಜಗತ್ತಿನ ಬ್ಯಾಂಕುಗಳ ಕಂಪ್ಯೂಟರು ಕಾಯುವ ಎಂಜಿನಿಯರುಗಳಿದ್ದಾರೆ. ಗೇಟಿನೆದುರಿನ ದಿನಸಿ ಅಂಗಡಿಗೆ ಹೇಳಿಕೊಡುವವರಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎಂದರೆ ಇದೇ ತಾನೆ?

ಸರ್ಟ್-ಇನ್ ಸಂಸ್ಥೆ 2025ರ ಸೆಪ್ಟೆಂಬರಿನಲ್ಲಿ ಸಣ್ಣ ಉದ್ದಿಮೆಗಳಿಗೆಂದೇ 15 ಮೂಲ ರಕ್ಷಣಾ ಕ್ರಮಗಳನ್ನು ಪ್ರಕಟಿಸಿದೆ. ಒಳ್ಳೆಯದು. ಅದು ಅಂಗಡಿಯವರಿಗೆ ತಿಳಿಯುವ ಕನ್ನಡದಲ್ಲಿ, ಒಂದು ಹಾಳೆಯಲ್ಲಿ, ಗೋಡೆಗೆ ಅಂಟಿಸುವ ಹಾಗೆ ಪ್ರತಿ ಶೆಡ್ಡಿಗೂ ಮುಟ್ಟಬೇಕು. ಪೀಣ್ಯ ಕೈಗಾರಿಕಾ ಸಂಘ, ಕಾಸಿಯಾಗಳು ತಿಂಗಳಿಗೊಂದು ಶನಿವಾರ ಸಂಜೆ ಇದಕ್ಕೆಂದೇ ಮೀಸಲಿಡಲಿ. ಸೆನ್ ಠಾಣೆಯವರನ್ನು, ಬ್ಯಾಂಕಿನವರನ್ನು ಎದುರು ಕೂರಿಸಿ ಪ್ರಶ್ನೆ ಕೇಳಲಿ. ರಜಾ ದಿನ, ರಾತ್ರಿ ಹೊತ್ತು ಹಣ ತಡೆಹಿಡಿಯಲು ಯಾರಿಗೆ ಫೋನ್ ಮಾಡಬೇಕೆಂದು ಪ್ರತಿ ಬ್ಯಾಂಕ್ ಶಾಖೆಯೂ ದಪ್ಪಕ್ಷರದಲ್ಲಿ ಬೋರ್ಡು ಹಾಕಲಿ. ಠಾಣೆಗೆ ಬಂದ ಸಣ್ಣ ವರ್ತಕನನ್ನು "ನಿಮ್ಮದೇ ತಪ್ಪಲ್ವಾ" ಎಂದು ಅಟ್ಟದೆ ಮೊದಲು ದೂರು ಬರೆದುಕೊಳ್ಳಲಿ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆ ನಮ್ಮವರಿಗೆ ಹೊಸದಲ್ಲ. ಸರ್ಕಾರ ಎಚ್ಚರಗೊಳ್ಳುವವರೆಗೆ ಕಾಯಲೂಬೇಕಾಗಿಲ್ಲ. ನಾಳೆ ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ನಿಮ್ಮ ಲೆಕ್ಕ ಬರೆಯುವವರನ್ನು ಕರೆದು ಒಂದೇ ಪ್ರಶ್ನೆ ಕೇಳಿ: "ಈ ಕಂಪ್ಯೂಟರ್ ಇವತ್ತು ಸಂಜೆ ಸತ್ತುಹೋದರೆ, ನಾಳೆ ನಾವು ಯಾವ ಲೆಕ್ಕ ಇಟ್ಟುಕೊಂಡು ಬಾಗಿಲು ತೆಗೀಬೇಕು?" ಅವರು ತಲೆ ಕೆರೆದುಕೊಂಡರೆ, ಎರಡನೇ ಪ್ರತಿಯ ಕೆಲಸ ಅವತ್ತೇ ಶುರುವಾಗಲಿ.